ಸಣ್ಣ ಕಂಪನಿಯ ಸುಣ್ಣದ ಬೊಟ್ಟು

ಬಸ್ಸು ಕಂಪನಿಗಳಿಗೆ ಹೊಸದಾಗಿ ಸೇರುವ ಹುಡುಗರು ಆಗೀಗ ನಮ್ಮ ಮನೆಗೆ ಬರುತ್ತಾರೆ. ಬಂದವರು ಕೇಳುವ ಮೊದಲ ಪ್ರಶ್ನೆ, "ಸರ್, ಕಂಪ್ಯೂಟರ್ ಇಲ್ಲದೆ ಬುಕಿಂಗ್ ಹೇಗೆ ಮಾಡ್ತಿದ್ರಿ?" ನಾನು ಬಾಯಿ ತೆರೆದು ತೋರಿಸುತ್ತೇನೆ. ಪಾಪ, ಮುದುಕನಿಗೆ ಕಿವಿ ಕೇಳಿಸಲಿಲ್ಲ ಅಂದುಕೊಂಡು ಅವರು ಅದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳುತ್ತಾರೆ. ಹಾಗಾಗಿ ಬರೆದೇ ಇಡುವುದು ವಾಸಿ ಅನ್ನಿಸಿತು.

ನಾನು ಪಾಂಡವಪುರದ ಒಂದು ಖಾಸಗಿ ಬಸ್ಸು ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಬಸ್ಸುಗಳು ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳ ನಡುವೆ ಓಡುತ್ತಿದ್ದವು. ಅದು ದೊಡ್ಡ ಕಂಪನಿ. ಅದರ ಹಿತ್ತಲಿನಲ್ಲಿ ಒಂದು ಸಣ್ಣ ಕಂಪನಿಯೂ ಇತ್ತು. ರೂಟಿನಲ್ಲಿ ಓಡಿ ಓಡಿ ಸುಸ್ತಾದ ಬಸ್ಸುಗಳನ್ನು ಮಾರಲು ನಮ್ಮ ಯಜಮಾನರಿಗೆ ಮನಸ್ಸು ಬರುತ್ತಿರಲಿಲ್ಲ. ಅಂಥ ನಾಲ್ಕು ಬಸ್ಸುಗಳಿಗೆ ಬಣ್ಣ ಬಳಿದು, ಬಡವರೂ ಪ್ರವಾಸ ಹೋಗಲಿ ಎಂದು ಅಗ್ಗದ ದರದಲ್ಲಿ ಟೂರಿಗೆ ಕಳಿಸುತ್ತಿದ್ದರು. ಈ ನಾಲ್ಕು ಗಾಡಿಗಳಿಗೂ ಒಂದು ಕೋಣೆಗೂ ನಾನೇ ಅಧಿಪತಿ. ನನ್ನ ಇಡೀ ನೌಕರಿಯಲ್ಲಿ ಸಿಕ್ಕ ಬಡ್ತಿ ಒಂದೇ, ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು. ಅದರ ಬಗ್ಗೆ ಇಷ್ಟು ಸಾಕು.

ನಾಲ್ಕು ಬಸ್ಸುಗಳಿಗೂ ನಂಬರಿತ್ತು. ಆದರೆ ಜನ ತಾವೇ ಹೆಸರಿಟ್ಟುಕೊಂಡಿದ್ದರು. ಏರು ಬಂದರೆ ಕೆಮ್ಮುತ್ತಿದ್ದದ್ದು ಕೆಮ್ಮಪ್ಪ. ತೂಗಾಡುತ್ತ ಹೋಗುವುದು ಪಲ್ಲಕ್ಕಿ. ಸೂರು ಸೋರುತ್ತಿದ್ದದ್ದು ಗಂಗಮ್ಮ. ನಾಲ್ಕನೆಯದಕ್ಕೆ ಏನೂ ಕಾಯಿಲೆ ಇರಲಿಲ್ಲವಾಗಿ ಹೆಸರೂ ಇರಲಿಲ್ಲ. ಪಲ್ಲಕ್ಕಿಯ ಡ್ರೈವರ್ ತೊಣ್ಣೂರಿನ ಸಿದ್ದೇಗೌಡ. ಸಮುದ್ರ ನೋಡಲು ಹೊರಟವರಿಗೆಲ್ಲ ಅವನು ತಪ್ಪದೆ ಹೇಳುತ್ತಿದ್ದ, "ಯಾಕ್ರಪ್ಪಾ ಅಷ್ಟು ದೂರ? ನಮ್ ತೊಣ್ಣೂರ್ ಕೆರೆ ನೋಡ್ಕಂಡ್ ಬನ್ನಿ. ಅದ್ಕಿಂತ ದೊಡ್ಡದು ಏನದೆ?" ಟೂರು ಕಂಪನಿಯ ಡ್ರೈವರೇ ಹೀಗಂದರೆ ವ್ಯಾಪಾರ ಹೇಗೆ ಆಗಬೇಕು? ಅವನಿಗೆ ನಾನು ಎಷ್ಟು ಬೈದರೂ ಪ್ರಯೋಜನವಾಗಲಿಲ್ಲ.

ಈಗ ಬುಕಿಂಗ್ ವಿಷಯ. ನಮ್ಮ ಸೀಮೆಯಲ್ಲಿ ಆಗ ರಸೀದಿಯನ್ನು ಯಾರೂ ನಂಬುತ್ತಿರಲಿಲ್ಲ. ಕಾಗದ ಹರಿದುಹೋಗುತ್ತದೆ, ನೆನೆಯುತ್ತದೆ, ಮೊಮ್ಮಕ್ಕಳು ದೋಣಿ ಮಾಡಿಬಿಡುತ್ತವೆ. ಜನ ನಂಬುತ್ತಿದ್ದದ್ದು ತಾಂಬೂಲವನ್ನು. ಊರಿನ ಹಿರಿಯರೊಬ್ಬರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು ಇಟ್ಟುಕೊಂಡು ಬರುತ್ತಿದ್ದರು. ನಾನು ಮೊದಲು ಗೋಡೆಯ ಕ್ಯಾಲೆಂಡರ್ ನೋಡಬೇಕು. ಆ ದಿನ ಬಸ್ಸು ಬಿಡುವಿದ್ದರೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಅವರ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡು ಅಗಿಯಬೇಕು. ಅಗಿದರೆ ಬುಕಿಂಗ್ ಆಯಿತು. ಆಮೇಲೆ ಆಕಾಶ ಭೂಮಿ ಒಂದಾದರೂ ಬಸ್ಸು ಹೋಗಲೇಬೇಕು. ಹೆಣ್ಣು ಕೊಡುತ್ತೇನೆಂದು ತಾಂಬೂಲ ಬದಲಾಯಿಸಿಕೊಂಡು ಆಮೇಲೆ ಇಲ್ಲ ಅನ್ನುವುದು ಎಷ್ಟು ಅವಮಾನವೋ ಇದೂ ಅಷ್ಟೇ. ಅಗಿಯದೆ ತಟ್ಟೆಯಲ್ಲೇ ಬಿಟ್ಟರೆ ಆಗುವುದಿಲ್ಲ ಎಂದು ಅರ್ಥ. ಮುಖ ನೋಡಿ ಹಾಗೆ ಬಿಡುವುದು ನನ್ನ ಕೈಲಾಗುತ್ತಿರಲಿಲ್ಲ. ಬೇರೆ ದಿನಕ್ಕೆ ಒಪ್ಪಿಸಿ ಅಗಿದುಬಿಡುತ್ತಿದ್ದೆ.

ಅಗಿದಾದ ಮೇಲೆ ಬೆರಳಲ್ಲಿ ಉಳಿದ ಸುಣ್ಣವನ್ನು ಎಲ್ಲರೂ ಕಂಬಕ್ಕೋ ಗೋಡೆಗೋ ಒರೆಸುತ್ತಾರೆ. ನಾನು ಇಡೀ ವರ್ಷ ಒಂದೇ ನುಣುಪು ಹಾಳೆಯಲ್ಲಿದ್ದ ಕ್ಯಾಲೆಂಡರಿಗೆ ಒರೆಸಿದೆ, ಅಷ್ಟೇ ವ್ಯತ್ಯಾಸ. ಒಂದೊಂದು ತಾರೀಖಿನ ಚೌಕಕ್ಕೆ ನಾಲ್ಕು ಮೂಲೆ, ನಮ್ಮಲ್ಲಿ ನಾಲ್ಕು ಬಸ್ಸು. ಮೇಲಿನ ಎಡಮೂಲೆಯಲ್ಲಿ ಬೊಟ್ಟಿದ್ದರೆ ಆ ದಿನ ಕೆಮ್ಮಪ್ಪ ಬುಕ್ಕಾಗಿದೆ ಎಂದು ಲೆಕ್ಕ. ಕೆಳಗಿನ ಬಲಮೂಲೆ ಪಲ್ಲಕ್ಕಿಯದು. ಯಾವ ಊರು ಎಂಬುದು ತಲೆಯಲ್ಲಿರುತ್ತಿತ್ತು, ಯಾವ ದಿನ ಎಂಬುದು ಗೋಡೆಯಲ್ಲಿ. ಹೀಗೆ ತಲೆಗೂ ಗೋಡೆಗೂ ಕೆಲಸ ಹಂಚಿಕೊಟ್ಟು ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ.

ನೆಮ್ಮದಿ ಇಲ್ಲದಿದ್ದದ್ದು ಮನೆಯಲ್ಲಿ. ನನ್ನ ಹೆಂಡತಿ ಜಯಮ್ಮ ಸಂಜೆ ನನ್ನ ಕೆಂಪು ತುಟಿ ನೋಡಿದ ಕೂಡಲೇ ಶುರುಮಾಡುತ್ತಿದ್ದಳು. "ಇವತ್ತು ಯಾರಿಗೆ ಸಮುದ್ರ ತೋರಿಸೋ ಮಾತು ಕೊಟ್ಬುಟ್ಟು ಬಂದ್ರಿ? ಊರಿನ ಎಂಗಸ್ರಿಗೆಲ್ಲ ಸಮುದ್ರ. ಕಟ್ಕಂಡೋಳಿಗೆ ಮನೆ ಮುಂದ್ಲ ನಾಲೆ." ಮುಂದಿನ ಸೀಸನ್ನಿಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದೆ. ಸೀಸನ್ನಿನಲ್ಲೇ ಗುಮಾಸ್ತ ಕೋಣೆ ಬಿಟ್ಟು ಹೋಗುವಂತಿಲ್ಲ. ನಿಜ ಹೇಳಬೇಕೆಂದರೆ ನಾನೂ ಸಮುದ್ರ ನೋಡಿರಲಿಲ್ಲ.

ತೊಂಬತ್ತರ ದಶಕದ ನಡುಭಾಗದಲ್ಲಿ ಯಜಮಾನರಿಗೆ ಮಂಡಿ ನೋವು ಹೆಚ್ಚಾಗಿ ಅವರ ಮಗ ಪ್ರಸನ್ನ ಕಂಪನಿ ನೋಡಿಕೊಳ್ಳಲು ಬಂದರು. ಮೈಸೂರಿನಲ್ಲಿ ಬಿ.ಕಾಂ. ಮಾಡಿದವರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಲ್ಲರೂ ಚಿಕ್ಕ ಯಜಮಾನರು ಎಂದರು, ನಾನೂ ಹಾಗೇ ಅಂದೆ. ಕೆಟ್ಟವರಲ್ಲ, ಅಚ್ಚುಕಟ್ಟು ಮನುಷ್ಯ. ಅಚ್ಚುಕಟ್ಟಿನಿಂದ ಇಷ್ಟೆಲ್ಲ ಅನಾಹುತ ಆಗಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲು ಅವರು ಪ್ರವಾಸದ ಬಸ್ಸುಗಳ ಸೀಟಿಗೆಲ್ಲ ನಂಬರು ಬರೆಸಿದರು. ನಮ್ಮ ಜನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವವರು. ಮೊದಲ ಟೂರಿನಲ್ಲೇ ಎಂಟನೇ ನಂಬರಿನ ಚೀಟಿ ಹಿಡಿದ ಒಬ್ಬರು ಬಂದರು. ಆ ಸೀಟಿನಲ್ಲಿ ಟವೆಲ್ಲಿತ್ತು, ಟವೆಲ್ಲಿನ ಮೇಲೆ ಅದರ ಒಡೆಯನೂ ಇದ್ದ. "ಚೀಟೀಲಿ ಎಂಟು ಅಂತ ಅದೆ ಕಣಪ್ಪಾ" ಎಂದರು ಇವರು. "ಇರ್ಲಿ ಬುಡಿ, ಎಂಟು ಎಲ್ಲಿಗೂ ಓಗಕಿಲ್ಲ, ನನ್ ಕೆಳ್ಗೇ ಇರ್ತದೆ" ಎಂದ ಅವನು. ಚಿಕ್ಕ ಯಜಮಾನರು ನನ್ನ ಮುಖ ನೋಡಿದರು. ನಾನು ಕೆಮ್ಮಪ್ಪನ ಚಕ್ರಕ್ಕೆ ಗಾಳಿ ಇದೆಯೇ ಎಂದು ನೋಡಲು ಹೋದೆ.

ಆಮೇಲೆ ಆಯುಧಪೂಜೆ ಬಂತು. ಬಸ್ಸುಗಳಿಗೆ ಒಡೆಯಲು ಬೂದುಗುಂಬಳ ತರಲೆಂದು ನಾನು ಬೆಳಿಗ್ಗೆಯೇ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ವಾಪಸು ಬಂದರೆ ನನ್ನ ಕೋಣೆ ಗುರುತೇ ಸಿಗಲಿಲ್ಲ. ಮೇಜು ಒರೆಸಿತ್ತು, ಕಿಟಕಿ ತೊಳೆದಿತ್ತು. ಚಿಕ್ಕ ಯಜಮಾನರು ತೋಳು ಮಡಚಿಕೊಂಡು ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. "ನೋಡಿ ಗುಮಾಸ್ತರೇ, ಕ್ಯಾಲೆಂಡರ್ ತುಂಬ ಹಲ್ಲಿ ಗಲೀಜು ಮಾಡಿಬಿಟ್ಟಿತ್ತು. ನಾನೇ ಒರೆಸಿದೆ" ಎಂದರು.

ಕ್ಯಾಲೆಂಡರ್ ಪಳಪಳ ಹೊಳೆಯುತ್ತಿತ್ತು. ದಸರಾದಿಂದ ರಾಗಿ ಕೊಯ್ಲಿನವರೆಗಿನ ನಮ್ಮ ಇಡೀ ಸೀಸನ್ನು ಆ ಒದ್ದೆ ಬಟ್ಟೆಯಲ್ಲಿತ್ತು. ಎರಡೂ ಕಂಕುಳಲ್ಲಿ ಒಂದೊಂದು ಕುಂಬಳಕಾಯಿ ಹಿಡಿದುಕೊಂಡು ನಾನು, "ಚೆನ್ನಾಗಿದೆ ಸರ್" ಎಂದೆ.

ಹುಡುಗರೇ, ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಒರೆಸಿದ್ದು ಅವರು, ಸರಿ. ಆದರೆ ಆ ಕ್ಷಣದಲ್ಲಿ ಬಾಯಿಬಿಟ್ಟು ಹೇಳಿದ್ದರೆ ಇಬ್ಬರೂ ಸೇರಿ ಏನಾದರೂ ಮಾಡಬಹುದಿತ್ತು. ಹೊಸ ಯಜಮಾನರ ಮುಂದೆ ಅವರು ಹಲ್ಲಿ ಗಲೀಜು ಅಂದದ್ದೇ ನಮ್ಮ ರಿಜಿಸ್ಟರು ಎನ್ನಲು ನಾಚಿಕೆಯಾಯಿತು. ಸಾಲದ್ದಕ್ಕೆ, ಎಲ್ಲ ನನ್ನ ನೆನಪಿನಲ್ಲಿದೆ ಎಂಬ ಜಂಬ ಬೇರೆ.

ನೆನಪಿನಲ್ಲಿ ಊರುಗಳೇನೋ ಇದ್ದವು, ದಿನಗಳು ಮಾತ್ರ ಕಲಸಿಹೋಗಿದ್ದವು. ಹೋಗಿ ಕೇಳೋಣವೆಂದರೆ, ತಾಂಬೂಲ ಅಗಿದವನು "ನಿಮ್ಮದು ಯಾವತ್ತು?" ಎಂದು ಯಾವ ಬಾಯಲ್ಲಿ ಕೇಳುವುದು? ಸಿದ್ದೇಗೌಡನಿಗೆ ಗುಟ್ಟಾಗಿ ಹೇಳಿದೆ. ಅವನು ಬೀಡಿ ಆರಿಸಿ ಸ್ವಲ್ಪ ಯೋಚಿಸಿದ.

"ಟೂರ್ಗೆ ಓಗೋ ಮುಂಚಿನ ದಿನ ಎಂಗಸ್ರು ಏನ್ ಮಾಡ್ತಾರೆ ಗುಮಾಸ್ತ್ರೆ?"

"ಬುತ್ತಿಗೆ ಚಕ್ಕುಲಿ, ಕಜ್ಜಾಯ ಕರೀತಾರೆ."

"ಅಂಗಾದ್ರೆ ವಾಸ್ನೆ ಇಡ್ಕಂಡ್ ಓದ್ರಾಯ್ತು. ಯಾವೂರಲ್ಲಿ ಎಣ್ಣೆ ಕಾದದೋ ಮಾರ್ನೆ ದಿನ ಅಲ್ಲಿಗೆ ಬಸ್ಸು."

ನಗಬೇಡಿ. ಎರಡು ವಾರ ನಾವು ಸಣ್ಣ ಕಂಪನಿಯನ್ನು ಮೂಗಿನಿಂದ ನಡೆಸಿದೆವು. ದೊಡ್ಡ ಕಂಪನಿಯ ಕಂಡಕ್ಟರುಗಳು ಊರೂರು ಸುತ್ತುವವರಲ್ಲವೇ, ಮಧ್ಯಾಹ್ನ ಬಂದು ವರದಿ ಒಪ್ಪಿಸುತ್ತಿದ್ದರು. ಇಂಥ ಊರಿನಲ್ಲಿ ಕಜ್ಜಾಯ, ಇಂಥ ಬೀದಿಯಲ್ಲಿ ನಿಪ್ಪಟ್ಟು. ನನ್ನ ತಲೆಯಲ್ಲಿದ್ದ ಊರಿಗೆ ವಾಸನೆ ತಾಳೆಯಾದರೆ ಮರುದಿನ ಬೆಳಗಿನ ಜಾವ ಬಸ್ಸು. ಒಂದೂ ತಪ್ಪಲಿಲ್ಲ. ಎರಡನೇ ವಾರದ ಹೊತ್ತಿಗೆ ನಾನು ಸ್ವಲ್ಪ ಎದೆಯುಬ್ಬಿಸಿಯೇ ನಡೆಯುತ್ತಿದ್ದೆ.

ಆಗ ಬೂಕನಕೆರೆಯಿಂದ ವಾಸನೆ ಬಂತು. ಅಲ್ಲಿನ ಒಂದು ಧರ್ಮಸ್ಥಳದ ಟೂರು ನನ್ನ ತಲೆಯಲ್ಲಿತ್ತು. ಉಳಿದ ಮೂರು ಬಸ್ಸು ಬೇರೆ ಕಡೆ ಹೋಗಿದ್ದವು. ಪಲ್ಲಕ್ಕಿಯೊಂದೇ ಬಿಡುವು. ಸಿದ್ದೇಗೌಡ ಮುಂಜಾನೆ ವಾಸನೆ ಬಂದಿದ್ದ ಮನೆಯ ಮುಂದೆಯೇ ಗಾಡಿ ನಿಲ್ಲಿಸಿ ಹಾರನ್ ಹೊಡೆದ. ಆ ಮನೆಯಲ್ಲಿ ನಡೆದಿದ್ದದ್ದು ಮಗಳ ಸೀಮಂತ. ಟೂರೂ ಇಲ್ಲ, ಗೀರೂ ಇಲ್ಲ. ನೆಂಟರೆಲ್ಲ ಅಲ್ಲೇ ಉಳಿದಿದ್ದರು. ಬಸ್ಸು ನೋಡಿದ ಮನೆಯ ಹಿರಿಯ, ಅಳಿಯ ಖುಷಿಗೆ ಗೊತ್ತುಮಾಡಿರಬೇಕು ಅಂದುಕೊಂಡ. ಮಾವನೇ ಗೊತ್ತುಮಾಡಿದ್ದಾನೆ ಅಂದುಕೊಂಡ ಅಳಿಯ. ಬೀಗರ ಎದುರಿಗೆ ಯಾರೂ ಯಾರನ್ನೂ ಕೇಳಲಿಲ್ಲ. "ಧರ್ಮಸ್ಥಳ ತಾನೆ?" ಎಂದ ಸಿದ್ದೇಗೌಡ. "ಊಂ ಕಣಪ್ಪಾ, ಅಲ್ಗೇ" ಎಂದು ಕರಿದ ತಿಂಡಿಯ ಡಬ್ಬಗಳ ಸಮೇತ ಎಲ್ಲರೂ ಹತ್ತಿಬಿಟ್ಟರು. ಬಸುರಿ ಹುಡುಗಿ ಜಗುಲಿಯಲ್ಲಿ ನಿಂತು ಟಾಟಾ ಮಾಡಿದಳಂತೆ.

ಇದಿಷ್ಟೇ ಆಗಿದ್ದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅದೇ ಮಧ್ಯಾಹ್ನ ನಾಗಮಂಗಲದ ಕಡೆಯಿಂದ ಬಂದ ನಮ್ಮ ಕಂಡಕ್ಟರ್ ಕಿಟಕಿಯಲ್ಲಿ ತಲೆ ಹಾಕಿ ಹೇಳಿದ, "ಬಿಂಡಿಗನವಿಲೆ ಅಡ್ಡರಸ್ತೇಲಿ ಎಂಗಸ್ರು ಗಂಟು ಮಡಿಕ್ಕಂಡು ಬೆಳಗಿಂದ ಕುಂತವ್ರೆ ಗುಮಾಸ್ತ್ರೆ. ಸಮುದ್ರದ ಬಸ್ಸು ಎಲ್ಲಿ ಅಂತಾವ್ರೆ."

ಅದು ಕೆಂಪಮ್ಮನ ಗುಂಪು. ಕುರಿ ಸಾಕುವ ಮನೆಯ ಹೆಂಗಸು, ಅರವತ್ತು ದಾಟಿದ ವಯಸ್ಸು. ಆಷಾಢದಲ್ಲೇ ತಾಂಬೂಲ ತಂದಿದ್ದಳು. "ಅಷ್ಟೊಂದು ನೀರು ಒಂದೇ ಕಡೆ ಅದಂತೆ. ನೋಡ್ಬುಟ್ಟು ಬರಾವ ಅಂತ. ಕುರಿಗೆ ರಜ ಇಲ್ಲ, ನೀವಾದ್ರೂ ನಮ್ಗೆ ರಜ ಕೊಡಿ" ಎಂದು ನಗಿಸಿದ್ದಳು. ನಾನು ಅಗಿದಿದ್ದೆ, ಪಲ್ಲಕ್ಕಿಯ ಮೂಲೆಗೆ ಬೊಟ್ಟಿಟ್ಟಿದ್ದೆ. ಅವಳದು ಇನ್ನೂ ಮುಂದಿನ ವಾರ ಎಂದು ಗಟ್ಟಿಯಾಗಿ ನಂಬಿ ಕೂತಿದ್ದೆ. ಅವರ ಊರಿನಿಂದ ವಾಸನೆಯೂ ಬಂದಿರಲಿಲ್ಲ. ಅವರು ಬುತ್ತಿಗೆ ಕಟ್ಟಿಕೊಂಡಿದ್ದದ್ದು ಹುರಿಹಿಟ್ಟು, ಹುಚ್ಚೆಳ್ಳು ಪುಡಿ. ಬಾಣಲೆ ತುಂಬ ಎಣ್ಣೆ ಸುರಿಯುವ ಅನುಕೂಲ ಇಲ್ಲದವರು ನನ್ನ ಮೂಗಿಗೆ ಬಿದ್ದಿರಲೇ ಇಲ್ಲ. ಕಳಿಸಲು ಒಂದು ಬಸ್ಸೂ ಇರಲಿಲ್ಲ. ಸಂಜೆಯವರೆಗೆ ಕಾದು ಅವರು ಗಂಟು ಹೊತ್ತುಕೊಂಡು ವಾಪಸು ನಡೆದರು ಎಂದು ಆಮೇಲೆ ಗೊತ್ತಾಯಿತು.

ಮೂರನೇ ದಿನ ಕೆಂಪಮ್ಮ ಬಂದಳು. ಕೂಗಾಡಲಿಲ್ಲ. ಕಿಟಕಿಯ ಹೊರಗೆ ನಿಂತು ನನ್ನ ತುಟಿಯನ್ನೇ ನೋಡಿದಳು.

"ನಮ್ ತಾಂಬೂಲ ಅಗಿದಿದ್ದು ಇದೇ ಬಾಯಿ ತಾನೆ ಗುಮಾಸ್ತ್ರೆ?"

"ಹೌದು ಕೆಂಪಮ್ಮ" ಎಂದೆ. ಇನ್ನೇನು ಹೇಳಲಿ? ಕ್ಯಾಲೆಂಡರ್ ಒರೆಸಿದರು ಎಂದು ಹೇಳಿದ್ದರೆ ಅದು ನಿಜವೂ ಆಗುತ್ತಿತ್ತು, ನೀಚತನವೂ ಆಗುತ್ತಿತ್ತು.

ಅಷ್ಟು ಹೊತ್ತಿಗೆ ಬೂಕನಕೆರೆಯ ಮಾವ ಅಳಿಯರ ಕಥೆ ದೊಡ್ಡ ಕಂಪನಿ ತಲುಪಿತ್ತು. ಚಿಕ್ಕ ಯಜಮಾನರು ನನ್ನನ್ನು ಕರೆದರು. "ಇದು ಕಂಪನಿಯೋ ಸಂತೆಯೋ? ಸಾಕು. ಸಣ್ಣ ಕಂಪನಿ ಮುಚ್ಚಿಬಿಡೋಣ. ನಾಲ್ಕೂ ಗಾಡಿ ಮಾರಿ, ಒಂದೇ ಒಂದು ಡಿಲಕ್ಸ್ ಬಸ್ಸು ತರೋಣ. ಒರಗೋ ಸೀಟು, ಒಳಗೆ ವೀಡಿಯೋ" ಎಂದರು. ಮೂಲೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಯಜಮಾನರು ಇನ್ನೊಂದು ಮಂಡಿಗೂ ಹಚ್ಚತೊಡಗಿದರು. ನನಗೆ ದೊಡ್ಡ ಕಂಪನಿಯಲ್ಲಿ ಕುರ್ಚಿ ಸಿಗುತ್ತಿತ್ತು, ಹೊಟ್ಟೆಪಾಡಿಗೆ ತೊಂದರೆಯಿರಲಿಲ್ಲ. ಆದರೆ ಬಸ್ಸು ಹೋದರೆ ಕೆಂಪಮ್ಮನಿಗೆ ಕೊಟ್ಟ ಮಾತು ಶಾಶ್ವತವಾಗಿ ಹೋದಂತೆ. ಇಷ್ಟು ವರ್ಷ ಅಗಿದ ಎಲೆಗಳಲ್ಲಿ ಅದೊಂದು ನನ್ನ ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು.

ಮನೆಯಲ್ಲಿ ಜಯಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದೇ ಆಶ್ಚರ್ಯ. "ಬೆಳಗಿಂದ ಸಂಜೆಗಂಟ ಕುಂತಿದ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ, "ನಿಮ್ ಬಾಯಿಗೆ ಈಗ ಬೆಲೆ ಇಲ್ಲ. ಬೆಲೆ ಇರೋ ಬಾಯಿಗೆ ಆ ತಾಂಬೂಲ ಆಕ್ಸಿ" ಎಂದಳು.

ಮಾರನೆಯ ವಾರವೇ ಕೆಲಸದ ನೆಪ ಮಾಡಿಕೊಂಡು ಬಿಂಡಿಗನವಿಲೆಗೆ ಹೋದೆ. ಕುರಿ ರೊಪ್ಪದ ಹತ್ತಿರ ನಿಂತು ಕೆಂಪಮ್ಮನಿಗೆ ಇಷ್ಟೇ ಹೇಳಿದೆ. "ಈಗ ಬಸ್ಸು ಕೊಡೋದು ಬಿಡೋದು ಚಿಕ್ಕ ಯಜಮಾನರ ಕೈಲಿದೆ. ಅವರು ಪಟ್ಟಣದಲ್ಲಿ ಓದಿದವರು. ದೊಡ್ಡವರು ಪ್ರೀತಿಯಿಂದ ಏನು ಕೊಟ್ಟರೂ ಬೇಡ ಅನ್ನಲ್ಲ." ಕೆಂಪಮ್ಮ ನನ್ನನ್ನೇ ನೋಡಿದಳು. ಅವಳ ಕಣ್ಣ ಮೂಲೆಯಲ್ಲಿ ನಗು ಮೂಡಿದ್ದನ್ನು ನೋಡಿ ಅರ್ಧ ಕೆಲಸ ಆಯಿತು ಅಂದುಕೊಂಡೆ.

ರಾಗಿ ಕೊಯ್ಲು ಮುಗಿದ ಮೇಲೆ ಒಂದು ದಿನ ಶ್ರೀರಂಗಪಟ್ಟಣದಿಂದ ಬಾಷಾ ಸಾಹೇಬರು ಬಂದರು. ಹಳೇ ಗಾಡಿಗಳನ್ನು ಕೊಳ್ಳುವ ವ್ಯಾಪಾರಿ. ನಾಲ್ಕೂ ಬಸ್ಸುಗಳನ್ನು ತಟ್ಟಿ, ಕೆಳಗೆ ಬಗ್ಗಿ ನೋಡಿ, ಚಿಕ್ಕ ಯಜಮಾನರ ಜೊತೆ ಅಂಗಳದಲ್ಲಿ ಮಾತು ಮುಗಿಸುವ ಹಂತದಲ್ಲಿದ್ದರು. ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಗ ಗೇಟಿನಿಂದ ಕೆಂಪಮ್ಮ ಬಂದಳು, ಹಿಂದೆ ಹತ್ತು ಹನ್ನೆರಡು ಹೆಂಗಸರು. ಕೈಯಲ್ಲಿ ತಟ್ಟೆ.

ನೇರ ಚಿಕ್ಕ ಯಜಮಾನರ ಮುಂದೆ ನಿಂತು, ಸುಣ್ಣ ಹಚ್ಚಿ ಮಡಿಚಿದ ಎಲೆಯನ್ನು ತಾನೇ ಎತ್ತಿ ಕೊಟ್ಟಳು. "ತಗಳಿ ಬುದ್ದಿ. ನಮ್ ತೋಟದ್ದಲ್ಲ, ಆದ್ರೂ ಎಲೆ ಎಳೇದು."

ಏನೋ ಹಬ್ಬದ ಮರ್ಯಾದೆ ಇರಬೇಕೆಂದು ಅವರು ನಕ್ಕು ಕೈಚಾಚಿದರು. ನಾನು ಎಚ್ಚರಿಸಬೇಕೆಂದು ಬಾಯಿ ತೆರೆದೆ. ಆಮೇಲೆ ಮುಚ್ಚಿಕೊಂಡೆ. ಒಂದು ಸಲ ಬಾಯಿ ಮುಚ್ಚಿಕೊಂಡು ಕೆಟ್ಟಿದ್ದೆ, ಈ ಸಲ ಮುಚ್ಚಿಕೊಂಡು ಒಳ್ಳೆಯದೇ ಮಾಡಿದೆ. ಅವರು ಎಲೆಯನ್ನು ಬಾಯಿಗೆ ಹಾಕಿಕೊಂಡು ಅಗಿದರು.

"ಅಂಗಾರೆ ಬಸ್ಸು ಯಾವತ್ತು ಬುದ್ದಿ?" ಎಂದಳು ಕೆಂಪಮ್ಮ.

"ಯಾವ ಬಸ್ಸು?" ಎಂದರು ಅವರು, ಅರ್ಧ ಎಲೆ ಈ ಕೆನ್ನೆಯಲ್ಲಿ ಅರ್ಧ ಆ ಕೆನ್ನೆಯಲ್ಲಿ.

"ಸಮುದ್ರಕ್ಕೆ. ಇವಾಗ ಒಪ್ಕಂಡ್ರಲ್ಲ."

ಸಿದ್ದೇಗೌಡ ಮುಂದೆ ಬಂದು ಕೈಕಟ್ಟಿ ನಿಂತ. "ತಾಂಬೂಲ ಬಾಯಲ್ಲದೆ ಸಾಮಿ. ನಮ್ ಸಣ್ ಕಂಪ್ನಿ ಬುಕಿಂಗೇ ಇದು." ಚಿಕ್ಕ ಯಜಮಾನರು ನನ್ನ ಕಡೆ ತಿರುಗಿದರು. ಆಗ ಹೇಳಿದೆ, ಎಲ್ಲವನ್ನೂ. ತಾಂಬೂಲ, ಸುಣ್ಣ, ಕ್ಯಾಲೆಂಡರಿನ ಮೂಲೆಗಳು, ಅದು ಹಲ್ಲಿಯದಲ್ಲ ನನ್ನದು ಎಂಬುದು, ಹೇಳದೆ ನಾನು ಮಾಡಿದ ತಪ್ಪು, ಅಡ್ಡರಸ್ತೆಯಲ್ಲಿ ಇವರು ಕಾದದ್ದು. ಅವರು ಕೆಂಪಗಾದರು. ಉಗಿಯುವಂತಿಲ್ಲ, ಅಷ್ಟು ಜನ ಹಿರಿಯರು ಎದುರಿಗಿದ್ದಾರೆ. ಮಾತಾಡುವಂತಿಲ್ಲ, ಬಾಯಿ ತುಂಬಿದೆ. ಕಡೆಗೆ ಗುಟುಕ್ ಎಂದು ನುಂಗಿಬಿಟ್ಟರು. ಅಭ್ಯಾಸವಿಲ್ಲದವರಿಗೆ ಅದು ಸುಲಭವಲ್ಲ.

"ಬಾಷಾ ಸಾಹೇಬರೇ..." ಎಂದು ಶುರುಮಾಡಿದರು.

"ನಕ್ಕೋ ಸಾಬ್" ಎಂದರು ಬಾಷಾ ಸಾಹೇಬರು. "ಪಾನ್ ಬಾಯಿಗೆ ಆಕ್ಕಂಡ್ಬುಟ್ರಿ, ಜಬಾನ್, ಮಾತು ಕೊಟ್ಟಂಗೆ ಆಯ್ತು. ಈಗ ನೀವು ಕೊಡ್ತೀನಿ ಅಂದ್ರೂ ನಾ ತಗಳಲ್ಲ. ಅಮ್ಮಾಜಿ ಓಗ್ಬುಟ್ಟು ಬರ್ಲಿ, ಆಮ್ಯಾಕೆ ನೋಡುವ."

ಯಜಮಾನರು ಕುರ್ಚಿಯಲ್ಲಿ ಕುಲುಕಿ ಕುಲುಕಿ ನಗುತ್ತಿದ್ದರು. ತಿಂಗಳುಗಟ್ಟಲೆ ಆದಮೇಲೆ ಅವರು ಆ ವಿಷಯದಲ್ಲಿ ಬಾಯಿಬಿಟ್ಟದ್ದು ಅವತ್ತೇ. "ಎಂಗೂ ಮಾರೋ ಗಾಡಿಗಳು ಕಣ್ಲಾ ಪ್ರಸನ್ನ. ಒಂದ್ಯಾಕೆ, ನಾಕೂ ಓಗ್ಲಿ. ಅವೂ ಒಂದ್ಸಲ ಸಮುದ್ರ ನೋಡ್ಲಿ."

"ಅಗಿದೋರೂ ಬರ್ಬೇಕು" ಎಂದಳು ಕೆಂಪಮ್ಮ. "ಓದ್ಸಲ ಅಗಿದೋರು ಬರ್ನಿಲ್ಲ, ಬಸ್ಸೂ ಬರ್ನಿಲ್ಲ."

ಹೀಗೆ ಸಣ್ಣ ಕಂಪನಿಯ ನಾಲ್ಕೂ ಬಸ್ಸು ಒಂದರ ಹಿಂದೆ ಒಂದು ಹೊರಟವು. ಬಿಂಡಿಗನವಿಲೆಯ ಹೆಂಗಸರು, ಅವರ ಅಕ್ಕಪಕ್ಕದ ಊರಿನವರು, ನಮ್ಮ ಡ್ರೈವರುಗಳ ಮನೆಯವರು. ಮುಚ್ಚುವ ಕೋಣೆಗೆ ಗುಮಾಸ್ತ ಯಾಕೆ ಎಂದು ನಾನೂ ಬೀಗ ಹಾಕಿ ಜಯಮ್ಮನನ್ನು ಕರೆದುಕೊಂಡು ಹೋದೆ. ಅವಳು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ನನ್ನ ಟವೆಲ್ಲು ಎಸೆದು ಎರಡು ಸೀಟು ಹಿಡಿದಳು. ಇದನ್ನು ಅವಳು ಯಾವಾಗ ಕಲಿತಿದ್ದಳೋ ತಿಳಿಯದು.

ಶಿರಾಡಿ ಘಾಟಿ ಸಿಗುವ ಮೊದಲಿನ ಏರಿನಲ್ಲಿ ಕೆಮ್ಮಪ್ಪ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಎಲ್ಲರೂ ಇಳಿದು ತಳ್ಳಿದರು. ಇಸ್ತ್ರಿ ಅಂಗಿಯ ಚಿಕ್ಕ ಯಜಮಾನರೂ ತಳ್ಳಿದರು. ಬಸ್ಸು ತಣಿಯುವವರೆಗೆ ಮರದಡಿ ಮೂರು ಕಲ್ಲು ಹೂಡಿ ಹೆಂಗಸರು ಮುದ್ದೆ ತಿರುವಿದರು. ಕೆಂಪಮ್ಮ ಚಿಕ್ಕ ಯಜಮಾನರ ಎಲೆಗೆ ಎರಡನೇ ಮುದ್ದೆ ಇಡುತ್ತ ಕೇಳಿದಳು, "ಒಸಾ ಬಸ್ಸಲ್ಲಿ ಟಿ.ವಿ. ಇರ್ತದಂತಲ್ಲ ಬುದ್ದಿ? ಅಂಗಾರೆ ಕಿಟಕೀಲಿ ಯಾರ್ ನೋಡ್ತಾರೆ?" ಅವರು ಮುದ್ದೆ ನುಂಗಿದರು. ನುಂಗುವುದು ಅವರಿಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು.

ಮಂಗಳೂರಿನ ಕಡಲತೀರದಲ್ಲಿ ಇಳಿದಾಗ ಮಾರನೆಯ ಬೆಳಿಗ್ಗೆ ಎಂಟು ಗಂಟೆ. ಇಷ್ಟು ವರ್ಷ ಏನನ್ನು ಬುಕ್ ಮಾಡುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಜಯಮ್ಮ ಸೀರೆ ಎತ್ತಿ ಕಟ್ಟಿಕೊಂಡು ನೀರಿಗೆ ಇಳಿದೇಬಿಟ್ಟಳು. ಕೆಂಪಮ್ಮ ಬಹಳ ಹೊತ್ತು ದಡದಲ್ಲೇ ನಿಂತಿದ್ದಳು. ಆಮೇಲೆ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಬಿಟ್ಟುಕೊಂಡಳು. ಮುಖ ಕಿವುಚಿದಳು.

"ಇಷ್ಟು ನೀರು ಮಡಗ್ಬುಟ್ಟು ಉಪ್ಪು ಆಕ್ಬುಟ್ಟವ್ನಲ್ಲ! ಯಾರ್ಗೂ ಕೊಡಬಾರ್ದು ಅಂತ."

"ನಾ ಏಳ್ನಿಲ್ವಾ?" ಎಂದ ಸಿದ್ದೇಗೌಡ ಪಕ್ಕದಿಂದ. "ನಮ್ ತೊಣ್ಣೂರ್ ಕೆರೇನೇ ವಾಸಿ." ಆದರೆ ಮಧ್ಯಾಹ್ನ ಹೊರಡುವಾಗ ಅವನನ್ನು ನೀರಿನಿಂದ ಎಳೆದು ತರಲು ಇಬ್ಬರು ಬೇಕಾದರು.

ವಾಪಸು ಬಂದ ವಾರದಲ್ಲೇ ಬಾಷಾ ಸಾಹೇಬರು ಮೂರು ಬಸ್ಸು ತೆಗೆದುಕೊಂಡು ಹೋದರು. ಕೆಮ್ಮಪ್ಪ ಗೇಟು ದಾಟುವಾಗಲೂ ಕೆಮ್ಮಿತು. ಪಲ್ಲಕ್ಕಿಯನ್ನು ಮಾರನೆಯ ದಿನ ಒಯ್ಯುತ್ತೇನೆಂದರು. ನಾನು ಕೋಣೆ ಖಾಲಿ ಮಾಡುತ್ತಿದ್ದೆ. ಹಳೆಯ ಕ್ಯಾಲೆಂಡರ್ ಇಳಿಸಿದ್ದೆ. ವರ್ಷದ ಕೊನೆ, ಹೊಸದು ಇನ್ನೂ ಬಂದಿರಲಿಲ್ಲ. ನೀಲಿ ಗೋಡೆಯ ಮೇಲೆ ಕ್ಯಾಲೆಂಡರಿನ ಜಾಗದಲ್ಲಿ ಒಂದು ಮೊಳೆ ಮಾತ್ರ ಉಳಿದಿತ್ತು.

ಕಿಟಕಿಯಲ್ಲಿ ತಟ್ಟೆ ಕಾಣಿಸಿತು. ಆಮೇಲೆ ಕೆಂಪಮ್ಮ. "ಬರೋ ವರ್ಸಕ್ಕೆ ಗುಮಾಸ್ತ್ರೆ. ದಸರಾ ಕಳುದ್ಮೇಲೆ. ನಮ್ ತಂಗಿ ನೋಡ್ನಿಲ್ಲ, ಅವ್ಳೂ ಬತ್ತಾಳೆ."

ಗಾಡಿಗಳ ಜೊತೆ ಈ ಕೋಣೆ, ಈ ಬುಕಿಂಗೂ ಮುಗಿಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ತಟ್ಟೆಯನ್ನು ಕೈಗೆ ತೆಗೆದುಕೊಂಡೆ. ಅಗಿದರೆ ಎರಡನೇ ಸಲ ಅದೇ ಹೆಂಗಸಿಗೆ ಸುಳ್ಳು ಹೇಳಿದಂತೆ. ಅಗಿಯದೆ ಬಿಟ್ಟರೆ ಇಲ್ಲ ಎಂದು ಮುಖಕ್ಕೆ ಹೇಳಿದಂತೆ. ಅಡಿಕೆ ಹೋಳನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸಿದೆ.

ಹಿಂದಿನಿಂದ ಒಂದು ಕೈ ಬಂದು ತಟ್ಟೆಯಿಂದ ಎಲೆ ಎತ್ತಿಕೊಂಡಿತು. ಚಿಕ್ಕ ಯಜಮಾನರು. ಯಾವಾಗ ಒಳಗೆ ಬಂದಿದ್ದರೋ ತಿಳಿಯದು. ಎಲೆಯನ್ನು ಅಂಗೈ ಮೇಲಿಟ್ಟು, ತೊಟ್ಟು ಮುರಿದು, ಬೆರಳಲ್ಲಿ ಸುಣ್ಣ ತೆಗೆದು ಹಚ್ಚಿದರು. ಸ್ವಲ್ಪ ಹೆಚ್ಚೇ ಹಚ್ಚಿದರು, ಬಾಯಿ ಸುಡುತ್ತದೆ ಎಂದು ನಾನು ಹೇಳುವ ಮೊದಲೇ ಅಡಿಕೆಯಿಟ್ಟು ಬಾಯಿಗೆ ಹಾಕಿಕೊಂಡರು. ಕೆಂಪಮ್ಮನನ್ನೇ ನೋಡುತ್ತ ನಿಧಾನವಾಗಿ ಅಗಿದರು. ಈ ಸಲ ಅವರಿಗೆ ಎಲ್ಲವೂ ಗೊತ್ತಿತ್ತು.

"ಪಲ್ಲಕ್ಕಿ ಇರಲಿ" ಎಂದರು ನನಗೆ. "ಬಾಷಾ ಸಾಹೇಬರಿಗೆ ನಾನು ಹೇಳ್ತೀನಿ."

ಬೆರಳಲ್ಲಿ ಉಳಿದಿದ್ದ ಸುಣ್ಣವನ್ನು ಒರೆಸಲು ಕ್ಯಾಲೆಂಡರ್ ಹುಡುಕಿದರು. ಮೊಳೆ ಮಾತ್ರ ಕಂಡಿತು. ನನ್ನ ಕೈಯಿರುವ ಕುರ್ಚಿಯನ್ನು ಎಳೆದು, ಅದರ ಮೇಲೆ ಹತ್ತಿ, ಯಾರ ಒದ್ದೆ ಬಟ್ಟೆಯೂ ಎಟುಕದಷ್ಟು ಎತ್ತರದಲ್ಲಿ ನೀಲಿ ಗೋಡೆಗೆ ಒಂದು ಬೊಟ್ಟಿಟ್ಟರು. ಅದು ಒಣಗಿ ಬೆಳ್ಳಗಾಗುವ ತನಕ ನಾವು ಮೂವರೂ ಅದನ್ನೇ ನೋಡುತ್ತ ನಿಂತಿದ್ದೆವು.